ಸಂಜೆಗೆ ಶುರುವಾಗುವ ದಿನ

ದಿನ ಯಾವಾಗ ಶುರುವಾಗುತ್ತದೆ ಎಂದು ನಮ್ಮ ಬೀದಿಯಲ್ಲಿ ಕೇಳಿ ನೋಡಿ. ಪಂಚಾಂಗ ನೋಡುವ ಎದುರುಮನೆ ರಾಯರಿಗೆ ಸೂರ್ಯ ಹುಟ್ಟಿದ ಮೇಲೆಯೇ ಹೊಸ ದಿನ. ರೈಲಿನವರಿಗೆ ರಾತ್ರಿ 12 ಗಂಟೆಗೆ. ಇದು ಗೊತ್ತಿದ್ದೂ ನಾನು ಒಮ್ಮೆ ರಾತ್ರಿ 12.10ರ ರೈಲಿಗೆ ತಾರೀಖು ತಪ್ಪಿ ಟಿಕೆಟ್ ತೆಗೆಸಿದ್ದೆ. ಚೀಲ ಹೊತ್ತು ಸ್ಟೇಷನ್ನಿಗೆ ಹೋದಾಗ ನನ್ನ ರೈಲು ಹೋಗಿ ಸುಮಾರು 24 ಗಂಟೆ ಆಗಿತ್ತು.

ನಮ್ಮ ಬೈಬಲ್ಲಿನ ಲೆಕ್ಕ ಇವೆರಡೂ ಅಲ್ಲ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಬೆಳಕಾಗಲಿ ಅನ್ನುತ್ತಾನೆ, ಬೆಳಕಾಗುತ್ತದೆ. ಆಮೇಲೆ ಸಾಯಂಕಾಲವಾಯಿತು, ಪ್ರಾತಃಕಾಲವಾಯಿತು, ಅದು ಮೊದಲನೆಯ ದಿನ. ಮೊದಲು ಸಂಜೆ, ಆಮೇಲೆ ಬೆಳಗ್ಗೆ! ಆರು ದಿನವೂ ಇದೇ ಪಲ್ಲವಿ. ಯೆಹೂದ್ಯರ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಇವತ್ತಿಗೂ ಶುಕ್ರವಾರ ಸೂರ್ಯ ಮುಳುಗುವಾಗ ಶುರುವಾಗುತ್ತದೆ. ಯೇಸುವಿನ ದೇಹವನ್ನು ಶಿಲುಬೆಗೇರಿಸಿದ ಆ ಶುಕ್ರವಾರ ಅಷ್ಟು ಅವಸರದಲ್ಲಿ ಸಮಾಧಿ ಮಾಡಿದ್ದೂ ಅದಕ್ಕೇ. ನಮ್ಮಲ್ಲೂ ಶನಿವಾರ ಸಂಜೆಯ ಪೂಜೆಗೆ ಹೋದರೆ ಭಾನುವಾರದ ಲೆಕ್ಕಕ್ಕೆ ಸೇರುತ್ತದೆ. ಭಾನುವಾರ ಒಂಬತ್ತರವರೆಗೆ ಮಲಗುವ ನನ್ನ ಮಗನಿಗೆ ಇಡೀ ಧರ್ಮಶಾಸ್ತ್ರದಲ್ಲಿ ಬಾಯಿಪಾಠವಾಗಿರುವುದು ಇದೊಂದೇ.

ಚಿಕ್ಕವನಿದ್ದಾಗ ನನಗೆ ಈ ಸಂಜೆ ಸರಿಹೋಗಿರಲಿಲ್ಲ. ಜ್ಞಾನೋಪದೇಶದ ತರಗತಿಯಲ್ಲಿ ಎದ್ದು ನಿಂತು ಕೇಳಿಯೇಬಿಟ್ಟೆ. ಸೂರ್ಯ ಚಂದ್ರ ಹುಟ್ಟಿದ್ದು ನಾಲ್ಕನೆಯ ದಿನ ಅಲ್ವಾ, ಹಾಗಾದರೆ ಮೊದಲ ಮೂರು ದಿನ ಸಂಜೆ ಆಗಿದ್ದು ಹೇಗೆ? ಟೀಚರ್ ನನ್ನನ್ನು ಕೂರಿಸಿದರು. ಕೂರಿಸಿದ ರೀತಿ ಇಲ್ಲಿ ಬೇಡ. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಸುಮಾರು 1,600 ವರ್ಷದ ಹಿಂದೆ ಕ್ರೈಸ್ತರ ದೊಡ್ಡ ಚಿಂತಕ ಸಂತ ಅಗಸ್ಟೀನರೂ ಇದರಲ್ಲೇ ತಲೆ ಕೆಡಿಸಿಕೊಂಡಿದ್ದರಂತೆ. ಇವು ಎಂಥ ದಿನಗಳೋ, ಊಹಿಸುವುದೇ ಕಷ್ಟ ಎಂದು ಬರೆದಿಟ್ಟರು. ಅವರನ್ನು ಯಾರೂ ಕೂರಿಸಲಿಲ್ಲ.

ಕೂಡಿ ಕಳೆದು ಲೆಕ್ಕ ಹಾಕಿದವರೂ ಇದ್ದಾರೆ. ಐರ್ಲೆಂಡಿನ ಬಿಷಪ್ ಜೇಮ್ಸ್ ಅಷರ್ 17ನೇ ಶತಮಾನದಲ್ಲಿ ಸೃಷ್ಟಿಯಾದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದರು. ವಿಶ್ವ ಶುರುವಾದದ್ದು ಹೇಗೆಂದು ಹೇಳುವ ಮಹಾಸ್ಫೋಟದ (ಬಿಗ್ ಬ್ಯಾಂಗ್) ಕಲ್ಪನೆಗೆ ಅಡಿಪಾಯ ಹಾಕಿದ ಬೆಲ್ಜಿಯಂನ ಜಾರ್ಜ್ ಲಮೇತ್ರ್ ಕೂಡ ಪಾದ್ರಿಯೇ. ಅವರು ಮಾತ್ರ ಆದಿಕಾಂಡವನ್ನೂ ಗಣಿತವನ್ನೂ ಬೆರೆಸಲು ಹೋಗಲಿಲ್ಲ. ನನ್ನ ಓಟು ಇವರಿಗೆ. ಸೃಷ್ಟಿಯ ಕಥೆಯನ್ನು ವೇಳಾಪಟ್ಟಿಯ ಹಾಗೆ ಓದಿದರೆ ನನ್ನ ರೈಲಿನ ಗತಿಯೇ. ಸೂರ್ಯ ಚಂದ್ರರನ್ನು ದೇವರೆಂದು ಪೂಜಿಸುವ ದೊಡ್ಡ ದೊಡ್ಡ ರಾಜ್ಯಗಳ ನಡುವೆ ಇದ್ದ ಇಸ್ರಾಯೇಲರೆಂಬ ಪುಟ್ಟ ಜನಾಂಗದವರು ಈ ಕಥೆಯನ್ನು ಹೇಳಿಕೊಂಡರು. ಸೂರ್ಯ ಚಂದ್ರರ ಹೆಸರನ್ನೂ ಎತ್ತದೆ, ಹಗಲಿಗೊಂದು ದೊಡ್ಡ ಬೆಳಕು, ರಾತ್ರಿಗೊಂದು ಚಿಕ್ಕ ಬೆಳಕು ಎಂದಷ್ಟೇ ಹೇಳಿ ಮುಂದೆ ಹೋದರು. ಜಗಲಿಗೊಂದು ಬಲ್ಬು, ಅಡುಗೆಮನೆಗೊಂದು ಬಲ್ಬು ಅಂದಹಾಗೆ.

ಆ ಸಂಜೆ ನನಗೆ ಅರ್ಥವಾಗಿದ್ದು ಮಂಡ್ಯದ ಅಜ್ಜಿಯಿಂದ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಬೈಬಲ್ ನಾವು ಓದಬೇಕು, ಅವರು ಒರಳಲ್ಲಿ ಉದ್ದು ರುಬ್ಬುತ್ತಾ ಕೇಳಬೇಕು. ಸಂಜೆ ಮೊದಲು ಯಾಕೆ ಬಂತು ಅಂತ ನಾನು ವರಾತ ತೆಗೆದಾಗ ಅಜ್ಜಿ ಕೈ ನಿಲ್ಲಿಸಲೇ ಇಲ್ಲ. “ನಾಳೆ ಇಡ್ಲಿ ನಾಳೆ ಶುರುವಾಗುತ್ತೇನೋ ಮಗ? ಈಗ್ಲೇ ಶುರುವಾಗೈತೆ. ರುಬ್ಬಿಟ್ಟು ಮಲಗ್ತೀನಿ. ಉಬ್ಬಿಸೋದು ನಾನಲ್ಲ.” ಆಮೇಲೆ ಹಾಲಿಗೆ ಹೆಪ್ಪು ಹಾಕಿ, ಮುಚ್ಚಿ, ಶಿಲುಬೆ ಗುರುತು ಹಾಕಿಕೊಂಡು ಮಲಗಿದರು. ತಾತ ಮಾತ್ರ ಟಾರ್ಚು ಹಿಡಿದು ಕಬ್ಬಿಗೆ ನೀರು ಕಟ್ಟಲು ಹೊರಟಿದ್ದರು. ಅವರಿಗೂ ದಿನ ರಾತ್ರಿಯೇ ಶುರು. ಆದರೆ ಅವರ ದಿನವನ್ನು ನಿರ್ಧರಿಸುತ್ತಿದ್ದುದು ಪಂಪಿಗೆ ಕರೆಂಟು ಬರುವ ಹೊತ್ತು.

ಈಗ ನಾವಿರುವುದು ಮೈಸೂರಿನಲ್ಲಿ. ಪಾಸ್ಖ ಹಬ್ಬದ, ಅಂದರೆ ಈಸ್ಟರಿನ, ಹಿಂದಿನ ರಾತ್ರಿ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೆ ಹೋಗುತ್ತೇವೆ. ಒಳಗೆ ದೀಪವೆಲ್ಲ ಆರಿರುತ್ತದೆ. 175 ಅಡಿಯ ಆ ಜೋಡಿ ಗೋಪುರಗಳೂ ಕತ್ತಲೆಯಲ್ಲಿ ಕರಗಿದ ಹಾಗೆ. ಹೊರಗೆ ಹೊಸ ಬೆಂಕಿ ಹಚ್ಚಿ, ಅದರಿಂದ ದೊಡ್ಡ ಮೇಣದಬತ್ತಿ, ಅದರಿಂದ ನಮ್ಮ ನಮ್ಮ ಮೇಣದಬತ್ತಿ. ಪಕ್ಕದವರ ಬತ್ತಿಯಿಂದ ನನ್ನದು, ನನ್ನದರಿಂದ ಹಿಂದಿನ ಸಾಲಿನ ಹುಡುಗಿಯದು. ಮೇಣ ಬೆರಳಿಗೆ ತೊಟ್ಟಿಕ್ಕುತ್ತದೆ, ಬೈಯುವ ಹಾಗಿಲ್ಲ. ಆ ರಾತ್ರಿಯ ಮೊದಲ ವಾಚನ ಯಾವುದು ಗೊತ್ತಾ? ಇದೇ ಆರು ದಿನದ ಕಥೆ. ಬೆಳಗಿನ ಪೂಜೆಯಲ್ಲಿ ಇದನ್ನು ಕೇಳಿದರೆ ನಿದ್ದೆ ಬರುತ್ತದೆ. ಕತ್ತಲಲ್ಲಿ ಕೂತು ಕೇಳಿದಾಗ ಬೆಳಕಾಗಲಿ ಅನ್ನುವ ಮಾತಿಗೆ ತೂಕವೇ ಬೇರೆ.

ಹೋದ ವರ್ಷ ಆ ವಾಚನ ಕೇಳುತ್ತಿದ್ದಾಗ ಒಂದು ವಿಷಯ ಹೊಳೆಯಿತು. ಏಳನೆಯ ದಿನ ದೇವರು ವಿಶ್ರಮಿಸಿದ. ಆದರೆ ಆ ದಿನಕ್ಕೆ ಪಲ್ಲವಿಯೇ ಇಲ್ಲ. ಸಂಜೆಯೂ ಇಲ್ಲ, ಬೆಳಗ್ಗೆಯೂ ಇಲ್ಲ. ದಿನ ಮುಗಿಯಿತು ಅಂತ ಯಾರೂ ಹೇಳಲೇ ಇಲ್ಲ! ಅಗಸ್ಟೀನರು ಇದನ್ನೂ ಆಗಲೇ ಗಮನಿಸಿದ್ದರಂತೆ. ಅವರಿಗಿಂತ ಮೊದಲು ಏನನ್ನಾದರೂ ಗಮನಿಸುವುದು ಕಷ್ಟ.

ಮಾರನೆಯ ಭಾನುವಾರ ಊಟ ಮುಗಿಸಿ, ಸೋಫಾದ ಮೇಲೆ ಉರುಳಿಕೊಂಡು, ಮುಗಿಯದ ಆ ಏಳನೆಯ ದಿನದ ಬಗ್ಗೆ ಹೆಂಡತಿಗೆ ವಿವರವಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಗಡಿಯಾರ ನೋಡಿ, “ಐದಾಯ್ತು, ಉದ್ದಿನಬೇಳೆ ನೆನೆಹಾಕಿದ್ರಾ?” ಅಂದಳು.