ಸಸ್ತಾ ರಿವಾಲ್ವರ್ ತಗೋತೀರಾ? ಬೆಲಿ ಆಮ್ಯಾಲ, ಮೊದಲ ಸಿಲಿಂಡರ್ ನೋಡ್ರಿ

ಲೈಸೆನ್ಸ್ ಕೈಗೆ ಬಂದ ಮ್ಯಾಲ ನಮ್ಮ ಕಲಬುರಗಿ ಕಡಿ ಮಂದಿ ಕೇಳೋದು ಒಂದೇ: "ಸಸ್ತಾದಾಗ ಛಲೋದು ಯಾವದು ಸಿಗ್ತದರೀ?" ಇದಕ್ಕ ನೆಟ್ಟಗ ಉತ್ತರ ಕೊಡೋದು ಕಷ್ಟ. ನಮ್ಮ ದೇಶದಾಗ ಕೈಬಂದೂಕಿನ ಬೆಲಿಗೂ ಅದರ ಗುಣಕ್ಕೂ ನಂಟು ಭಾಳ ಸಡಿಲ ಅದ. 1980ರ ದಶಕದಾಗ ಸಾಮಾನ್ಯ ಲೈಸೆನ್ಸ್‌ದಾರರಿಗೆ ವಿದೇಶಿ ಮಾಲು ಬರೋದು ನಿಂತ್ತು. ಅವತ್ತಿಂದ ಮುತ್ತಜ್ಜನ ಕಾಲದ ಇಂಗ್ಲೆಂಡ್ ಮಾಲು ವೆಬ್ಲಿ ಅಂಡ್ ಸ್ಕಾಟ್ ರಿವಾಲ್ವರ್ ಲಕ್ಷಗಟ್ಟಲೆ ರೂಪಾಯಿಗೆ ಕೈ ಬದಲಾಗ್ತದ. ಆ ರೊಕ್ಕ ಮಾಲು ಅಪರೂಪ ಅಂತ ಕೊಡೋದು, ಗುರಿ ಛಲೋ ಅಂತಲ್ಲ. ಹೊಸದು ತಗೋಂಡ್ರ ತೆರಿಗಿ ಕಾಟ: ಶೇ 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್‌ದಾಗ ಶೇ 40 ಆಗ್ಯಾದ.

ಯೂಟ್ಯೂಬ್‌ನಾಗ ಅಮೆರಿಕದ ಹೈ-ಪಾಯಿಂಟ್ ಪಿಸ್ತೂಲು ನೋಡಿದವರು ಅಂಥಾದ್ದು ನಮ್ಮಲ್ಲಿ ಯಾಕಿಲ್ಲ ಅಂತ ಕೇಳ್ತಾರ. ಅದು ಸಸ್ತಾ ಯಾಕಂದ್ರ ಸ್ಲೈಡ್ (ಹೊಡದಾಗ ಹಿಂದಮುಂದ ಜಾರೋ ಮ್ಯಾಲಿನ ಭಾಗ) ಸತುವಿನ ಮಿಶ್ರಲೋಹದ ಎರಕ, ಒಳಗ ಲಾಕ್ ಆಗೋ ವ್ಯವಸ್ಥಾನೇ ಇಲ್ಲ. ಬರೇ ಸ್ಲೈಡಿನ ತೂಕ ಮತ್ತ ಸ್ಪ್ರಿಂಗೇ ಒತ್ತಡ ತಡೀತಾವ. ಹಂಗಾಗೇ ಕಲ್ಲಿನಂಗ ಭಾರ, ನೋಡ್ಲಿಕ್ಕೂ ಚಂದಿಲ್ಲ. ಆದ್ರ ರೊಕ್ಕ ಉಳಿಸಿದ್ದು ಚಂದದಾಗ ಮತ್ತ ತೂಕದಾಗ. ಸಸ್ತಾ ಮಾಲು ಅಳೀಲಿಕ್ಕ ಇದೇ ಸರಿಯಾದ ಪ್ರಶ್ನಿ: ಉಳಿಸಿದ ರೊಕ್ಕ ಎಲ್ಲಿ ಉಳಿಸ್ಯಾರ? ಇನ್ನ ಆ ಹೈ-ಪಾಯಿಂಟಿನ 9 ಎಂಎಂ ನಮ್ಮಲ್ಲಿ ನಿಷೇಧಿತ ಬೋರ್, ಅಂದ್ರ ಸಾಮಾನ್ಯ ಲೈಸೆನ್ಸಿಗೆ ಸಿಗದ ನಳಿಗಿ ಅಳತಿ, ಅದರ ಮಾತು ಇಲ್ಲಿಗೇ ಬಿಡೋಣ.

ನಮಗ ಸಿಗೋದು ಹೆಚ್ಚಾಗಿ .32 (ಇಂಚಿನಾಗ ನಳಿಗಿ ಅಳತಿ). ಕಾನ್ಪುರದ ಸರ್ಕಾರಿ ಕಾರ್ಖಾನಿ ರಿವಾಲ್ವರ್, ಇಲ್ಲಾ ಇಶಾಪುರದ ಅಶನಿ ಪಿಸ್ತೂಲು. 2023ರಾಗ ಬಂದ ಪ್ರಬಲ್ ರಿವಾಲ್ವರ್‌ನಾಗ ಸಿಲಿಂಡರ್ (ಗುಂಡು ತುಂಬೋ ತಿರಗೋ ಉರುಳಿ) ಬಾಜೂಕ ಹೊರಗ ಬರ್ತದ, ಹಳೇ ಮಾದರಿ ನಡುವ ಮುರದಂಗ ತೆರೀತಾವ. ಎರಡಕ್ಕೂ ".32" ಅಂದ್ರೂ ರಿವಾಲ್ವರಿನ ಗುಂಡು ಬ್ಯಾರೆ, ಪಿಸ್ತೂಲಿಂದು ಬ್ಯಾರೆ. ರಿವಾಲ್ವರಿಗೆ 7.65×23 ಎಂಎಂ, ಪಿಸ್ತೂಲಿಗೆ 7.65×17 ಎಂಎಂ. ಪಿಸ್ತೂಲಿನ ಗುಂಡು ರಿವಾಲ್ವರಿನ ಕೋಣ್ಯಾಗ (ಸಿಲಿಂಡರಿನಾಗ ಗುಂಡು ಕೂಡೋ ತೂತಿನಾಗ) ಕೂಡ್ತದ ಅಂತ ಹಾಕೋ ಜಾಣರೂ ಅದಾರ. ಕೂಡೋದು ಬ್ಯಾರೆ, ಒಪ್ಪೋದು ಬ್ಯಾರೆ.

ಈಗ ಹಳೇ ರಿವಾಲ್ವರ್ ನೋಡೋ ಬಗಿ. ಮೊದಲ ತೆಗದು ಆರೂ ಕೋಣೆ ಖಾಲಿ ಅವ ಅಂತ ಕಣ್ಣಿಂದಷ್ಟೇ ಅಲ್ಲ, ಬೆರಳಿಂದಾನೂ ನೋಡ್ರಿ. ಫ್ರೇಮ್ ಮ್ಯಾಲಿನ ನಂಬರ್ ಮಾರೋವರ ಲೈಸೆನ್ಸ್ ಪುಸ್ತಕದ ಕೂಡ ಅಕ್ಷರಶಃ ಹೊಂದಬೇಕು. ಒಂದು ಅಂಕಿ ಉಜ್ಜಿದಂಗ ಕಂಡ್ರೂ ಕೆಳಗಿಟ್ಟು ಬರ್ರಿ. ಆಮ್ಯಾಲ ಸಿಲಿಂಡರಿಗೆ ಹೆಬ್ಬೆರಳು ಹಗೂರಕ ತಾಗಿಸಿಕೊಂಡು ಹ್ಯಾಮರ್ (ಗುಂಡಿಗೆ ಪೆಟ್ಟು ಕೊಡೋ ಹಿಂದಿನ ಸುತ್ತಿಗಿ) ನಿಧಾನಕ ಹಿಂದ ಎಳೀರಿ. ಹ್ಯಾಮರ್ ಪೂರ್ತಿ ಹಿಂದ ಹೋಗೋದ್ರಾಗ ಸಿಲಿಂಡರ್ "ಟಕ್" ಅಂತ ಲಾಕ್ ಆಗಬೇಕು. ಒಂದು ಕೋಣಿಗೆ ಅಲ್ಲ, ಆರಕ್ಕೂ. ಐದು ಸರಿ ಇದ್ದು ಒಂದು ತಡಾ ಆದ್ರ ಆ ಒಂದರಾಗ ಗುಂಡು ನಳಿಗಿ ಬಾಯಿಗೆ ನೆಟ್ಟಗ ಕೂಡೂದಿಲ್ಲ, ಅಂಚಿಗೆ ಬಡದು ಸೀಸ ಕೆರದು ಬಾಜೂಕ ಸಿಡೀತದ. ಪಕ್ಕ ನಿಂತವರ ಕಣ್ಣಿಗೆ ಅಪಾಯ ಇದೇ.

ಸಿಲಿಂಡರಿಗೂ ನಳಿಗಿಗೂ ನಡುವಿನ ಸಂದು ಅಳೀರಿ. ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡೋ ಫೀಲರ್ ಗೇಜ್ ಸಾಕು. 0.10ರಿಂದ 0.25 ಎಂಎಂ ಒಳಗಿದ್ರ ಛಲೋ. ಅದಕ್ಕಿಂತ ಹೆಚ್ಚಿದ್ರ ಬಿಸಿ ಗಾಳಿ ಮತ್ತ ಸೀಸದ ಚೂರು ಹೊರಗ ಬರ್ತಾವ. ಭಾಳ ಕಡಿಮಿ ಇದ್ರ ಒಂದಿಷ್ಟು ಗುಂಡು ಹಾರಿಸೋದ್ರಾಗ ಮದ್ದಿನ ಕರಿ ತುಂಬಿ ಸಿಲಿಂಡರ್ ತಿರಗೂದಿಲ್ಲ. ನಡುವ ತೆರೆಯೋ ಮಾದರಿ ಇದ್ರ ಮುಚ್ಚಿ ಹಿಡದು ನಳಿಗಿ ಮ್ಯಾಲ ಕೆಳಗ ಅಳ್ಳಾಡಿಸ್ರಿ. ಕೀಲು ಸವದಿದ್ರ ಅಳ್ಳಾಡ್ತದ. ಅದನ್ನ ಸರಿ ಮಾಡಸೋದು ಸಸ್ತಾ ಕೆಲಸ ಅಲ್ಲ. ಇನ್ನೊಂದು, ಹ್ಯಾಮರ್ ಎತ್ತಿಟ್ಟು, ಟ್ರಿಗರ್‌ನಿಂದ ಬೆರಳು ತೆಗದು, ಹಿಂದಿಂದ ಹೆಬ್ಬೆರಳಿಲೆ ನೂಕ್ರಿ. ಬಿತ್ತಂದ್ರ ಒಳಗಿನ ಹಲ್ಲು ಸವದಾವ, ಆ ರಿವಾಲ್ವರ್ ಪುಕ್ಕಟೆ ಕೊಟ್ಟರೂ ಬ್ಯಾಡ.

ನಳಿಗಿ ಒಳಗ ನೋಡ್ಲಿಕ್ಕ ಹಿಂಬದಿ ಬಿಳಿ ಹಾಳಿ ಹಿಡದು ಬೆಳಕ ಬೀಳಿಸ್ರಿ. ಅಲ್ಲಲ್ಲಿ ಜಂಗಿನ ಚುಕ್ಕಿ ಇದ್ರ ಸೈಸಬಹುದು. ಉಂಗುರದಂಗ ಕರಿ ಗೆರಿ ಕಂಡ್ರ ಬ್ಯಾಡ. ಹಿಂದ ಯಾವಾಗೋ ಗುಂಡು ನಳಿಗ್ಯಾಗ ಸಿಕ್ಕೊಂಡಾಗ ಅದರ ಹಿಂದ ಇನ್ನೊಂದು ಹೊಡದಾರ, ಅಲ್ಲಿ ಉಕ್ಕು ಉಬ್ಬ್ಯಾದ ಅಂತ ಅರ್ಥ.

ಸ್ಕ್ರೂ ತಲಿ ಹರದಿದ್ರ ಯಾರೋ ಒಳಗ ಕೈ ಆಡಿಸ್ಯಾರ. ನನಗ ಭಾಳ ಸಿಟ್ಟು ಬರೋದು ಇದರ ಮ್ಯಾಲೇ. ಕಾನ್ಪುರದ ರಿವಾಲ್ವರಿನ ಟ್ರಿಗರ್ ಬಿಗಿ ಅನ್ನೋದು ಖರೆ, ಅದಕ್ಕ ಮುಖ್ಯ ಸ್ಪ್ರಿಂಗ್ ಕತ್ತರಿಸಿ ಹಗೂರ ಮಾಡಿ ಕೊಡ್ತಾರ. ಅಂಗಡ್ಯಾಗ ಎಳದ್ರ ಬೆಣ್ಣಿ ಇದ್ದಂಗ. ಆದ್ರ ಹ್ಯಾಮರಿನ ಪೆಟ್ಟು ಕಡಿಮ್ಯಾಗಿ ಕಾಡತೂಸಿನ ಕ್ಯಾಪ್ (ಮದ್ದಿಗೆ ಕಿಡಿ ಕೊಡೋ ಹಿಂದಿನ ಬಟ್ಟಲು) ಸಿಡಿಯೂದಿಲ್ಲ. ಆಮ್ಯಾಲ "ಗುಂಡೇ ಖರಾಬ್ ಬಂದದ" ಅಂತ ಬೈತಾರ. ಸಿಡೀದ ಗುಂಡಿನ ಕ್ಯಾಪ್ ನೋಡ್ರಿ: ಗುರುತು ಆಳ ಇದ್ರ ಗುಂಡಿನ ತಪ್ಪು, ಆಳ ಇಲ್ಲಂದ್ರ ಸ್ಪ್ರಿಂಗಿಂದು.

ಪಿಸ್ತೂಲು ಸಿಕ್ಕೊಂಡ್ರ ಮೊದಲ ಸಂಶಯ ಮ್ಯಾಗಜಿನ್ (ಗುಂಡು ತುಂಬೋ ಡಬ್ಬಿ) ಮ್ಯಾಲ ಇರ್ಲಿ. ಅದರ ಬಾಯಿ ಅಂಚು ಸೊಟ್ಟ ಆಗಿದ್ರ, ಸ್ಪ್ರಿಂಗ್ ಸೋತಿದ್ರ ಎಂಥಾ ಪಿಸ್ತೂಲೂ ನಡಿಯೂದಿಲ್ಲ. .32 ಪಿಸ್ತೂಲ್ ಗುಂಡಿಗೆ ಸಣ್ಣ ಅಂಚು ಇರ್ತದ. ತುಂಬೋವಾಗ ಮ್ಯಾಲಿನ ಗುಂಡಿನ ಅಂಚು ಕೆಳಗಿನದರ ಹಿಂದ ಕೂತ್ರ ಎರಡೂ ಕಚ್ಚಿಕೋತಾವ. ಎರಡನೇ ಮ್ಯಾಗಜಿನ್ ಸಿಗ್ತದೋ ಇಲ್ಲೋ ಕೇಳದ ತಗೋಬ್ಯಾಡ್ರಿ.

ಭೀಮಾ ತೀರ ಅಂದ್ರ ಪೇಪರ್‌ನವರಿಗೆ ಕಂಟ್ರಿ ಪಿಸ್ತೂಲೇ ನೆನಪಾಗ್ತದ. ಅದನ್ನ ಸಸ್ತಾ ಅನ್ನಬ್ಯಾಡ್ರಿ. ಫ್ಯಾಕ್ಟರಿ ಮಾಲಿನ ಮ್ಯಾಲ ಹೆಚ್ಚಿನ ಒತ್ತಡದ ಗುಂಡು ಹಾರಿಸಿ ಪ್ರೂಫ್ ಮುದ್ರಿ ಹಾಕಿರ್ತಾರ. ಇಲ್ಲಿ ಉಕ್ಕು ಯಾವದು ಅಂತ ಮಾಡಿದವಗೂ ಗೊತ್ತಿರೂದಿಲ್ಲ, ಒಡದ್ರ ಹಿಡದವನ ಕೈಯಾಗೇ ಒಡೀತದ. ಮ್ಯಾಲ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಲೈಸೆನ್ಸ್ ಇಲ್ಲದ ಇಟ್ಕೊಂಡ್ರ ಕನಿಷ್ಠ 2 ವರ್ಷ ಜೈಲು, ಮಾಡಿದವಗ ಕನಿಷ್ಠ 7.

ತಗೊಂಡ ಮ್ಯಾಲ ಹಾಳು ಮಾಡೋದು ನಾವೇ. ಕಾಡತೂಸು ತೊಗಲಿನ ಪಟ್ಟಿಯಾಗ ತಿಂಗಳಗಟ್ಟಲೆ ಬಿಟ್ರ ಹಿತ್ತಾಳಿಗೆ ಹಸರ ಕಿಲುಬು ಏರ್ತದ, ಅಂಥಾದ್ದು ಕೋಣ್ಯಾಗ ಸಿಕ್ಕೊಳ್ತದ. ತೊಗಲ ಹೋಲ್ಸ್ಟರ್ ಹೊರಗ ಒಯ್ಯಲಿಕ್ಕ ಇರ್ಲಿ, ಮಳಿಗಾಲದಾಗ ಅದರೊಳಗಿಟ್ಟು ತಿಜೋರಿಗೆ ಹಾಕಿದ್ರ ಜಂಗು ಗ್ಯಾರಂಟಿ. ಕೊಬ್ಬರಿ ಎಣ್ಣಿ ಹಚ್ಚೋ ಚಟ ಬಿಡ್ರಿ. ಅದು ಅಂಟಾಗಿ ತೊಗರಿ ಹೊಟ್ಟಿನ ಧೂಳು ಹಿಡೀತದ. ಹೊಲಿಗಿ ಮಷೀನಿನ ತೆಳು ಎಣ್ಣಿ ನಾಲ್ಕು ಹನಿ ಹಾಕಿ ಒರಸ್ರಿ, ಸಾಕು. ಹೆಚ್ಚಾದ್ರ ಕ್ಯಾಪಿಗೆ ಇಳದು ಗುಂಡು ಸಾಯ್ತದ. ಮೇ ತಿಂಗಳ ನಮ್ಮ ಬಿಸಲಾಗ ಕಾರಿನ ಡ್ಯಾಶ್‌ಬೋರ್ಡಿನಾಗ ಗುಂಡು ಇಡೋವರಿಗೆ ಏನಂತ ಹೇಳೋದು?

ಹೊಡದಾಗ ಸಿಡೀಲಿಲ್ಲಂದ್ರ ನಳಿಗಿ ಬಾಯಿ ಸುರಕ್ಷಿತ ದಿಕ್ಕಿಗೇ ಹಿಡದು 30 ಸೆಕೆಂಡ್ ಕಾಯ್ರಿ. "ಠಸ್" ಅಂತ ಸಣ್ಣ ಸಪ್ಪಳ ಬಂದ್ರ ಅಲ್ಲಿಗೇ ನಿಲ್ಲಿಸಿ, ಖಾಲಿ ಮಾಡಿ, ನಳಿಗಿ ಒಳಗ ನೋಡ್ರಿ.

ಇನ್ನ ಚುನಾವಣಿ. ನೀತಿ ಸಂಹಿತೆ ಬಂತಂದ್ರ ಠಾಣೆಗೆ ಒಪ್ಪಿಸೋ ಆದೇಶ ಬರ್ತದ, ವಾಪಸ್ ಬರಲಿಕ್ಕ ಎರಡು ತಿಂಗಳಾದ್ರೂ ಆಗ್ತದ. ಒಪ್ಪಿಸೋ ಹಿಂದಿನ ದಿನ ನಳಿಗಿ, ಆರೂ ಕೋಣೆ ಸ್ವಚ್ಛ ಮಾಡಿ ಎಣ್ಣಿ ಸವರಿ, ಅರಿವ್ಯಾಗ ಬಿಗಿಯಾಗಿ ಸುತ್ತೋ ಬದಲಿ ಗಾಳಿ ಆಡೋ ಚೀಲದಾಗ ಹಾಕ್ರಿ. ರಶೀದಿಯಾಗ ನಂಬರ್, ಗುಂಡಿನ ಲೆಕ್ಕ, "ಜಂಗು ಇಲ್ಲ" ಅನ್ನೋ ಮಾತು ಬರಸ್ಕೋರಿ. ವಾಪಸ್ ತಗೊಳ್ಳೋವಾಗ ಅಲ್ಲೇ ತೆಗದು ಬೆಳಕಿಗೆ ಹಿಡದು ನೋಡ್ರಿ, ಆಮ್ಯಾಲ ಸಹಿ ಮಾಡ್ರಿ.