ಸರ್ ಅವರ ಸಾ, ನನ್ನ ಸಾ

47ನೇ ವಯಸ್ಸಿಗೆ ಹಾಡು ಕಲಿಯುತ್ತೇನೆ ಅಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ನಗಲಿಲ್ಲ. ಮನೆಯಲ್ಲೇ ಮೊಬೈಲ್ ನೋಡಿಕೊಂಡು ಕಲಿಯುತ್ತೇನೆ ಅಂದಾಗ ಎಲ್ಲರೂ ನಕ್ಕರು.

"ಗುರು ಇಲ್ದೆ ಸಂಗೀತ ಬರ್ತದೇನ್ರಿ ಟೀಚರ್?" ಅಂದರು ಒಬ್ಬರು. ಇನ್ನೊಬ್ಬರು ಸೀದಾ ಭೀಮಸೇನ ಜೋಶಿ ಅವರನ್ನೇ ಎಳೆದು ತಂದರು. ಗುರು ಬೇಕು ಅಂತ ಮನೆ ಬಿಟ್ಟು ಓಡಿಹೋಗಿದ್ದರಲ್ಲ, ಹಂಗಿರಬೇಕು ನೋಡ್ರಿ ಅಂದರು. ಅಲ್ರೀ, ಅವರು ಓಡಿದ್ದು 11ನೇ ವಯಸ್ಸಿಗೆ. ನಾನು ಈಗ ಓಡಿದರೆ ನಮ್ಮ ಮನೆಯವರು ಪೊಲೀಸ್ ಸ್ಟೇಷನ್ನಿಗೆ ಹೋಗ್ತಾರೆ. ಇನ್ನೂ ಒಂದು ಮಾತು. ಆ ಹುಡುಗನಿಗೆ ಹುಚ್ಚು ಹಿಡಿಸಿದ್ದು ಎದುರಿಗೆ ಕೂತ ಗುರು ಅಲ್ಲ, ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ಪ್ಲೇಟು. ಅಂದರೆ ಅಲ್ಲೂ ಮೊದಲು ಬಂದದ್ದು ಮಷೀನೇ! ಗುರು ಸವಾಯಿ ಗಂಧರ್ವರ ಮನೆ ಬಾಗಿಲು ಸಿಕ್ಕಿದ್ದು ಆಮೇಲೆ.

ಸರಿ, ಕೋರ್ಸಿಗೆ ಬರ್ತೇನೆ. ಹೆಸರು ಬೇಡ. 60 ವಿಡಿಯೊ, 2,499 ರೂಪಾಯಿ. ಕಲಿಸುವ ಸರ್ ಒಳ್ಳೆಯವರು, ಕಂಠವೂ ಚೆನ್ನಾಗಿದೆ, ಪ್ರತಿ ವಿಡಿಯೊದಲ್ಲೂ "ನನ್ನ ಜೊತೆ ಹಾಡಿ" ಅಂತಾರೆ. ನಾನು ಹಾಡಿದೆ. ಮೊದಲು ಸಾ ಹಿಡಿದು ನಿಲ್ಲಿಸುವುದು, ಆಮೇಲೆ ಸಾರೆಗ, ರೆಗಮ ಅಂತ ಪಲ್ಟಾ, ಆಮೇಲೆ ಬರೀ 'ಆ' ಅಂತ ಹಾಡುವ ಆಕಾರ, ಮೂರನೇ ವಾರಕ್ಕೆ ಭೂಪಾಲಿ ರಾಗ. ಐದೇ ಸ್ವರ, ಮ ಇಲ್ಲ, ನಿ ಇಲ್ಲ, ಸುಲಭ ಅನ್ನಿಸಿತು. ಆದರೆ ಮೇಲಿನ ಸಾ ಬಂದಾಗಲೆಲ್ಲ ಕತ್ತಿನ ನರ ಎದ್ದು ನಿಲ್ಲುತ್ತಿತ್ತು. ಒಂದು ತಿಂಗಳಿಗೆ ನನ್ನ ಗಂಟಲು ಕೂತುಹೋಯಿತು. ಕ್ಲಾಸಿನಲ್ಲಿ ವಿದ್ಯುತ್ ಪಾಠ ಮಾಡಲು ಬಾಯಿ ತೆಗೆದರೆ ಬರೀ ಗಾಳಿ. ಮನೆಯಲ್ಲಿ ಬಿಸಿನೀರು ಕುಡಿ, ಜೇನುತುಪ್ಪ ನೆಕ್ಕು ಅಂತ ಶುರುವಾಯಿತು. ಕುಡಿದ ನೀರು ಹೋಗುವುದು ಅನ್ನನಾಳಕ್ಕೆ. ಧ್ವನಿತಂತು ಇರುವುದು ಗಾಳಿಯ ದಾರಿಯಲ್ಲಿ. ಜೇನು ಅದನ್ನು ಮುಟ್ಟುವುದೇ ಇಲ್ಲ. ಹಬೆ ತೆಗೆದುಕೊಂಡರೆ ಮುಟ್ಟುತ್ತದೆ. ಇದನ್ನು ಮಕ್ಕಳಿಗೆ ಹೇಳುವ ನಾನೇ ಎರಡು ಬಾಟಲಿ ಜೇನು ಖಾಲಿ ಮಾಡಿದೆ, ಆ ಮಾತು ಬೇರೆ.

ತಪ್ಪು ಎಲ್ಲಿತ್ತು ಅಂತ ಹೇಳಿದ್ದು ನಮ್ಮ ಓಣಿಯ ಅಜ್ಜಿ. ಜೇವರ್ಗಿ ಕಡೆಯವರು. ಸೋಮವಾರದ ಭಜನೆಗೆ ದಮ್ಮಡಿ ಹಿಡಿದು ಬರ್ತಾರೆ, ತತ್ವಪದ ಬರೆದ ಕಡಕೋಳ ಮಡಿವಾಳಪ್ಪನವರ ಪದ ಎತ್ತಿಕೊಂಡರೆ ಗಂಟೆ ಹೋದದ್ದು ಗೊತ್ತಾಗುವುದಿಲ್ಲ. ಒಂದು ದಿನ ಬೆಳಿಗ್ಗೆ ಹಾಲಿಗೆ ಹೋಗುವಾಗ ನಮ್ಮ ಕಿಟಕಿ ಹತ್ತಿರ ನಿಂತರು.

"ಯಾಕವ್ವಾ, ಹಿಂಗ್ ಚೀರ್ಲತ್ತಿ?"

ಹಾಡ್ತಿದ್ದೀನಿ ಅಜ್ಜಿ ಅಂದೆ. ಮೊಬೈಲ್ ತೋರಿಸಿದೆ. ಸರ್ ಹಾಡಿದ್ದನ್ನು ಅರ್ಧ ನಿಮಿಷ ಕೇಳಿದರು. "ಅಂವಾ ಗಂಡಸು. ಅಂವನ ದನಿಗಿ ನೀ ಯಾಕ ಬೀಳ್ತಿ? ಮೊದಲ ಮಾತಾಡು. ಮಾತಾಡಿದಲ್ಲೇ ಹಾಡು." ಇಷ್ಟೇ. ಹಾಲು ತರಲು ಹೋದರು.

ನಾನು ಅಲ್ಲೇ ಕೂತೆ. ಸರ್ ಹಾಡುವುದು ಕರಿ ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲನೇ ಕರಿ ಮನೆಯನ್ನು ಸಾ ಮಾಡಿಕೊಂಡು. ಗಂಡಸರಿಗೆ ಸಾಮಾನ್ಯವಾಗಿ ಹೊಂದುವ ಜಾಗ ಅದು, ಬಿಳಿ ಒಂದು, ಕರಿ ಒಂದು, ಹೀಗೆ. ಅವರ ಮಟ್ಟಕ್ಕೇ ಇಳಿದರೆ ನನ್ನ ದನಿ ಹೊಟ್ಟೆಯೊಳಗೆ ಹೋಗುತ್ತದೆ. ಒಂದು ಸಪ್ತಕ, ಅಂದರೆ ಒಂದು ಸಾದಿಂದ ಮೇಲಿನ ಸಾವರೆಗಿನಷ್ಟು, ಏರಿಸಿದರೆ ಮೇಲಿನ ಸಾ ಹೊತ್ತಿಗೆ ಚೀರಾಟ. ಸಾಮಾನ್ಯವಾಗಿ ಹೆಂಗಸರ ಸಾ ಇರುವುದು ಬಿಳಿ ಐದರಿಂದ ಕರಿ ಐದರ ಆಸುಪಾಸು. ಹಾರ್ಮೋನಿಯಂ ಆಪ್ ತೆಗೆದು ನಾನು ಸುಮ್ನೆ ಮಾತಾಡುವ ಮಟ್ಟ ಎಲ್ಲಿದೆ ಅಂತ ಹುಡುಕಿದೆ. ಕರಿ ನಾಲ್ಕರ ಹತ್ತಿರ ಸಿಕ್ಕಿತು, ಸೆಕೆಂಡಿಗೆ ಸುಮಾರು 208 ಕಂಪನ. ತಂಬೂರಿ ಆಪನ್ನು ಅಲ್ಲಿಗೆ ತಿರುಗಿಸಿ ಅದೇ ಭೂಪಾಲಿ ಹಾಡಿದೆ. ಮೇಲಿನ ಸಾ ಬಂತು, ನರ ಏಳಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು.

ನನ್ನ ತಕರಾರು ಇಷ್ಟೇ. 60 ವಿಡಿಯೊದಲ್ಲಿ "ತಂಬೂರಿಯನ್ನು ನಿಮ್ಮ ಶ್ರುತಿಗೆ ಇಟ್ಟುಕೊಳ್ಳಿ" ಅನ್ನುವ ಒಂದು ಸಾಲು ಇತ್ತು. ನನ್ನ ಶ್ರುತಿ, ಅಂದರೆ ನನ್ನ ದನಿಗೆ ಹೊಂದುವ ಸಾ, ಯಾವುದು, ಹುಡುಕುವುದು ಹೇಗೆ ಅಂತ ಒಂದು ವಿಡಿಯೊ ಇಲ್ಲ. ಮೊದಲ ದಿನ ಕೇಳಬೇಕಾದ ಪ್ರಶ್ನೆಯೇ ಅದು, ಅಲ್ವಾ? ಗುರು ಎದುರಿಗಿದ್ದಿದ್ದರೆ ಎರಡನೇ ನಿಮಿಷಕ್ಕೆ ಹಾರ್ಮೋನಿಯಂ ಮನೆ ಬದಲಿಸುತ್ತಿದ್ದರು. ಹಾಗಾಗಿ ಸ್ಟಾಫ್ ರೂಮಿನವರ ಮಾತು ಅರ್ಧ ನಿಜ ಅಂತ ಒಪ್ಪುತ್ತೇನೆ. ಇನ್ನರ್ಧ ಒಪ್ಪುವುದಿಲ್ಲ. ಅಜ್ಜಿಯ ಪದಗಳಲ್ಲಿ ಎರಡು ಸಾಲಿಗೊಮ್ಮೆ ಗುರು ಬರ್ತಾನೆ. ಆದರೆ ಈ ಹಾಡು ನಿಮಗೆ ಕಲಿಸಿದ್ದು ಯಾರು ಅಂದರೆ, "ಯಾರ್ ಕಲಿಸ್ತಾರ? ಕುಂತು ಕೇಳೀನಿ" ಅಂತಾರೆ.

ಕೋರ್ಸಿನ ಜೊತೆ ಒಂದು ಮಾರ್ಕ್ಸ್ ಕೊಡುವ ಆಪ್ ಕೂಡ ಇತ್ತು. ಸ್ವರ ಸರಿ ಬಿದ್ದರೆ ಹಸಿರು ಗೆರೆ, ತಪ್ಪಿದರೆ ಕೆಂಪು. ನನ್ನ ಗ, ಅಂದರೆ ಗಾಂಧಾರ, ಯಾವಾಗಲೂ ಕೆಂಪು. ತಂಬೂರಿ ಹಾಕಿ ಕಣ್ಣು ಮುಚ್ಚಿ ಹಾಡಿದರೆ ಗ ಹೋಗಿ ಅದರೊಳಗೆ ಕೂತುಬಿಡುತ್ತದೆ, ಕಣ್ಣು ಬಿಟ್ಟರೆ ಕೆಂಪು! ತಲೆ ಕೆಟ್ಟು ಲೆಕ್ಕ ಹಾಕಿದೆ. ತಂಬೂರಿಯ ಖರಜದ, ಅಂದರೆ ಕೆಳಗಿನ ಸಾ ನುಡಿಯುವ, ತಂತಿಯಿಂದ ತಾನಾಗಿ ಒಂದು ಗ ಹೊರಡುತ್ತದೆ, ಅದರ ಕಂಪನ ಆ ತಂತಿಯ ಕಂಪನದ ಐದು ಪಟ್ಟು. ಹಾರ್ಮೋನಿಯಂ ಮನೆಗಳು ಸಪ್ತಕವನ್ನು 12 ಸಮ ಪಾಲು ಮಾಡಿದ್ದು. ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ದೂರವನ್ನು 100 ಅಂತ ಇಟ್ಟುಕೊಂಡರೆ, ತಂಬೂರಿಯ ಗ ಸುಮಾರು 14ರಷ್ಟು ಕೆಳಗೆ ಕೂರುತ್ತದೆ. ಆಪ್ ಅಳೆಯುತ್ತಿದ್ದದ್ದು ಹಾರ್ಮೋನಿಯಂ ಲೆಕ್ಕದಲ್ಲಿ. ನನ್ನ ಕಿವಿ ತಂಬೂರಿಯದ್ದು ಕೇಳಿತ್ತು. ಆ ಆಪನ್ನು ಡಿಲೀಟ್ ಮಾಡಿದೆ. ಹಾಗಂತ ನನ್ನ ಎಲ್ಲ ಕೆಂಪು ಗೆರೆಗಳೂ ಶುದ್ಧ ಗಾಂಧಾರ ಅಂತ ತಿಳಿಯಬೇಡಿ. ನಿಷಾದ ಇನ್ನೂ ಕೆಟ್ಟದಾಗಿದೆ.

ಈಗ ನನ್ನ ಹತ್ತಿರ ಇರುವುದು ಎರಡೇ, ತಂಬೂರಿ ಮತ್ತು ರೆಕಾರ್ಡರ್. ರೆಕಾರ್ಡ್ ಮಾಡಿ ಕೇಳಿ, ಮೊದಲ ಸಲ ನಾಚಿಕೆಯಾಗುತ್ತದೆ. ನಾವು ಹಾಡುವಾಗ ನಮ್ಮ ದನಿ ತಲೆಯ ಮೂಳೆಯ ಮೂಲಕವೂ ನಮ್ಮ ಕಿವಿಗೆ ಬರುತ್ತದೆ, ಅದಕ್ಕೇ ತುಂಬಿಕೊಂಡಂತೆ ಕೇಳುತ್ತದೆ. ಊರಿನವರಿಗೆ ಕೇಳುವುದು ರೆಕಾರ್ಡಿನಲ್ಲಿರುವ ಆ ತೆಳು ದನಿಯೇ.

ರೆಕಾರ್ಡ್ ಕೇಳಿಯೇ ಇನ್ನೊಂದು ಗೊತ್ತಾಗಿದ್ದು. ನಾನು ಹಾಡುವುದು ಬೆಳಿಗ್ಗೆ 5.15ಕ್ಕೆ, ಅಡುಗೆಮನೆಯಲ್ಲಿ. ಕಲಬುರಗಿ ಬೇಸಿಗೆ ಗೊತ್ತಲ್ಲ, ಮಧ್ಯಾಹ್ನ 42 ಡಿಗ್ರಿ. ಹಾಲ್‌ನಲ್ಲಿ ರಾತ್ರಿಯಿಡೀ ಕೂಲರ್ ಗುಡುಗುತ್ತಿರುತ್ತದೆ, ಎಲ್ಲರೂ ಅದರ ಮುಂದೆ ಮಲಗಿರ್ತಾರೆ. ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಅಡುಗೆಮನೆ ಒಂದೇ. ಅಲ್ಲಿ ಹಾಡಿದ ರೆಕಾರ್ಡಿನಲ್ಲಿ ನನ್ನ ಸಾ ಹತ್ತು ನಿಮಿಷ ಕಳೆದ ಮೇಲೆ ಮೆಲ್ಲಗೆ ಕೆಳಗೆ ಜಾರುತ್ತಿತ್ತು, ದಿನಾಲೂ. ಯಾಕೆ ಅಂತ ವಾರ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು, ಫ್ರಿಜ್! ನಮ್ಮ ಕರೆಂಟು 50 ಹರ್ಟ್ಜ್, ಅದರ ಗುಂಯ್ ಅನ್ನುವ ಸದ್ದು ಬರುವುದು 100ಕ್ಕೆ, ಅದರ ದುಪ್ಪಟ್ಟು 200ಕ್ಕೆ. ನನ್ನ ಸಾ 208. ಮೊಬೈಲಿನ ಪುಟ್ಟ ತಂಬೂರಿಗಿಂತ ಫ್ರಿಜ್ಜಿನ ತಂಬೂರಿಯೇ ಜೋರು. ನಾನು ಅದಕ್ಕೆ ಶ್ರುತಿ ಸೇರಿಸುತ್ತಿದ್ದೆ.

ಈಗ ಹಾಡುವಷ್ಟು ಹೊತ್ತು ಫ್ರಿಜ್ ಬಂದ್. ಸಾ ಜಾರುವುದು ಕಡಿಮೆಯಾಗಿದೆ. ಆದರೆ ಹೋದ ಗುರುವಾರ ಸ್ವಿಚ್ ಹಾಕುವುದನ್ನು ಮರೆತು ಶಾಲೆಗೆ ಹೋಗಿಬಿಟ್ಟೆ. ಸಂಜೆ ಬಂದು ನೋಡಿದರೆ ಹಾಲು ಒಡೆದಿತ್ತು, ಕಟ್ಟಿನ ಸಾರು ಹಳಸಿತ್ತು, ಫ್ರಿಜ್ ಬಾಗಿಲಿಗೆ ನಮ್ಮ ಮನೆಯವರು ಒಂದು ಚೀಟಿ ಅಂಟಿಸಿದ್ದರು: "ಸಾ ಮುಗಿದ ಮೇಲೆ ಸ್ವಿಚ್ ಹಾಕತಕ್ಕದ್ದು."