ಮೇಲೆ ಕೋಟೆ, ಕೆಳಗೆ ಪಾರ್ಕು, ನಡುವೆ ಪೇಚಾಟ

ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಬರೀ ‘ಫೋರ್ಟ್ ಸ್ನೆಲ್ಲಿಂಗ್’ ಅಂತ ಟೈಪ್ ಮಾಡಿದರೆ ಮ್ಯಾಪ್ ನಿಮ್ಮನ್ನು ಎಲ್ಲಿಗೆ ಒಯ್ಯುತ್ತದೆ ಎನ್ನುವುದು ಅದರ ಆ ಹೊತ್ತಿನ ಮರ್ಜಿ. ಆ ಹೆಸರಿನಲ್ಲಿ ಕೋಟೆ ಇದೆ, ರೈಲು ನಿಲ್ದಾಣ ಇದೆ, ಸೈನಿಕರ ರಾಷ್ಟ್ರೀಯ ಸ್ಮಶಾನ ಇದೆ, ಕೊನೆಗೆ ನಾವು ಹೋಗಬೇಕಾದ, ನದಿ ಪಕ್ಕದ ಸ್ಟೇಟ್ ಪಾರ್ಕೂ ಇದೆ. ಚಿತ್ರಾನ್ನದ ಡಬ್ಬಿ, ಜಮಖಾನ, ಬ್ಯಾಡ್ಮಿಂಟನ್ ಬ್ಯಾಟು ಹಿಡಿದು ಸಾಲುಸಾಲು ಬಿಳಿ ಸಮಾಧಿಗಳ ಮುಂದೆ ಇಳಿದ ಸಂಸಾರಕ್ಕೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತೋಚುವುದಿಲ್ಲ.

ಆದ್ದರಿಂದ ‘ಸ್ಟೇಟ್ ಪಾರ್ಕ್’ ಎಂಬ ಬಾಲವನ್ನು ಬಿಡದೆ ಸೇರಿಸಿ. ಹೈವೇ 5ರಲ್ಲಿ ಪೋಸ್ಟ್ ರೋಡ್ ಎಕ್ಸಿಟ್ ಹಿಡಿಯಬೇಕು. ಐ-494 ಕಡೆಯಿಂದ ಬರುವವರು ಮಾತಿನ ಭರದಲ್ಲಿ ಅದನ್ನು ದಾಟಿಬಿಟ್ಟರೆ ಮುಂದೆ ಸಿಗುವುದು ಏರ್‌ಪೋರ್ಟಿನ ಟರ್ಮಿನಲ್ 1. ಅಲ್ಲೂ ತಿರುಗದೆ ನೆಟ್ಟಗೆ ಹೋದರೆ ಮಿಸಿಸಿಪ್ಪಿಯ ಸೇತುವೆ, ಆಚೆಗೆ ಸೇಂಟ್ ಪಾಲ್. ಪಾರ್ಕು ನೋಡಲು ಹೊರಟು ಊರೇ ಬದಲಾದಂತೆ.

ಏರ್‌ಪೋರ್ಟ್ ಪಕ್ಕದಲ್ಲೇ ಇರುವುದೇ ಅರ್ಧ ತಾಪತ್ರಯಕ್ಕೆ ಮೂಲ. ಊರಿಂದ ಬಂದ ಅಪ್ಪ-ಅಮ್ಮನನ್ನು ವಾಪಸ್ ವಿಮಾನ ಹತ್ತಿಸುವ ದಿನ ‘ಇನ್ನೂ ಎರಡು ಗಂಟೆ ಇದೆಯಲ್ಲ, ಒಂದು ರೌಂಡ್ ಹಾಕಿ ಹೋಗೋಣ’ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಪಾರ್ಕಿನೊಳಗಿನ ಪೈಕ್ ಐಲ್ಯಾಂಡ್ ಎಂಬ ದ್ವೀಪದ ಸುತ್ತು ದಾರಿ ಸುಮಾರು 3 ಮೈಲಿ. ಸಪಾಟು ನೆಲ, ಏರಿಳಿತ ಇಲ್ಲವೇ ಇಲ್ಲ, ಹಾಗಾಗಿ ಹಿರಿಯರೂ ಹುರುಪಿನಿಂದ ಹೊರಡುತ್ತಾರೆ. ದ್ವೀಪದ ತುದಿ ಮುಟ್ಟಿದ ಮೇಲೆ ‘ಸಾಕು, ವಾಪಸ್ ಹೋಗೋಣ’ ಅಂದರೆ ಬಂದ ದಾರಿಯಲ್ಲಿ ತಿರುಗಿದರೂ ಅಷ್ಟೇ, ಮುಂದೆ ನಡೆದರೂ ಅಷ್ಟೇ. ಆಟೋ ಸಿಗುವುದಿಲ್ಲ. ಚೆಕ್-ಇನ್ ಕೌಂಟರಿನಲ್ಲಿ ಕೆಸರು ಬೂಟಿನಲ್ಲಿ ನಿಂತವರ ಕಥೆ ಇದು.

ಆ ತುದಿ ಮಾತ್ರ ನಡೆದದ್ದಕ್ಕೆ ಸಾರ್ಥಕ. ಒಂದು ಕಡೆಯಿಂದ ಮಣ್ಣು ಕದಡಿದ ಮಿನೆಸೋಟ ನದಿ, ಇನ್ನೊಂದು ಕಡೆಯಿಂದ ಅದಕ್ಕಿಂತ ತಿಳಿಯಾದ ಮಿಸಿಸಿಪ್ಪಿ. ಎರಡರ ಬಣ್ಣವೂ ಸ್ವಲ್ಪ ದೂರ ಅಕ್ಕಪಕ್ಕ ಹರಿದು ಆಮೇಲೆ ಬೆರೆಯುತ್ತದೆ. ಈ ನೆಲದ ಮೂಲನಿವಾಸಿಗಳಾದ ಡಕೋಟಾ ಜನ ಈ ಸಂಗಮವನ್ನು ‘ಬ್ಡೋಟೆ’ ಅನ್ನುತ್ತಾರೆ, ಅವರಿಗೆ ಇದು ಪವಿತ್ರ ಸ್ಥಳ.

ಒಳಗೆ ಬರುವ ಮೊದಲು ಪರ್ಮಿಟ್. ಕಾರಿಗೆ ದಿನದ್ದೂ ಇದೆ, ವರ್ಷದ್ದೂ ಇದೆ. ಸೈಕಲ್ಲಿನಲ್ಲೋ ಕಾಲ್ನಡಿಗೆಯಲ್ಲೋ ಬಂದರೆ ಏನೂ ಇಲ್ಲ. ಕಚೇರಿ ಮುಚ್ಚಿದ್ದರೆ ಲಕೋಟೆಯಲ್ಲಿ ದುಡ್ಡಿಟ್ಟು, ಮೇಲೆ ಕಾರಿನ ನಂಬರ್ ಬರೆದು ಡಬ್ಬಿಗೆ ಹಾಕಿ, ಚೀಟಿಯನ್ನು ಹೊರಗಿನಿಂದ ಕಾಣುವಂತೆ ಇಡಬೇಕು. ಫೋನಿನಲ್ಲೇ ಬದುಕುವವರ ಜೇಬಿನಲ್ಲಿ ಅಷ್ಟು ನಗದು ಹುಟ್ಟುವುದಿಲ್ಲ. ಇಪ್ಪತ್ತರ ನೋಟು ಹಾಕಿದರೆ ಡಬ್ಬಿ ಚಿಲ್ಲರೆ ಕೊಡುವುದಿಲ್ಲ. ಬಾಡಿಗೆ ಕಾರಿನ ನಂಬರಂತೂ ಯಾರಿಗೂ ನೆನಪಿರುವುದಿಲ್ಲ, ಇಳಿದು ಹಿಂದಕ್ಕೆ ಹೋಗಿ ನೋಡಿ ಬರಬೇಕು. ಪೆನ್ನು? ಅದೂ ನಿಮ್ಮದೇ ಇರಲಿ. ಮನೆಯಲ್ಲೇ ಆನ್‌ಲೈನಿನಲ್ಲಿ ಕೊಂಡು ಬರುವುದು ಕ್ಷೇಮ.

ಇಷ್ಟೆಲ್ಲ ಆದಮೇಲೆ ‘ಕೋಟೆ ಎಲ್ಲಿ?’ ಅಂದರೆ ಮೇಲೆ ನೋಡಬೇಕು. ಕೋಟೆ ಪಾರ್ಕಿನ ಒಳಗಿಲ್ಲ, ಗುಡ್ಡದಂಚಿನ ಮೇಲಿದೆ. ಅದನ್ನು ನೋಡಿಕೊಳ್ಳುವುದು ಮಿನೆಸೋಟ ಹಿಸ್ಟಾರಿಕಲ್ ಸೊಸೈಟಿ, ಟಿಕೆಟ್ಟೇ ಬೇರೆ. ಕೆಳಗಿನ ಪರ್ಮಿಟ್ ತೋರಿಸಿದರೆ ಮೇಲಿನವರು ನಕ್ಕು ಸುಮ್ಮನಾಗುತ್ತಾರೆ. ಪಾರ್ಕಿನಿಂದ ಮೇಲೆ ಹತ್ತಲು ಕಾಲುದಾರಿಯೊಂದಿದೆ, ಆದರೆ ಸಪಾಟು ದಾರಿಯ ಮೇಲೆ ಬೆಳೆಸಿಕೊಂಡ ಆತ್ಮವಿಶ್ವಾಸವನ್ನು ಆ ಏರು ಇಳಿಸುತ್ತದೆ.

1820ರಲ್ಲಿ ಸುಣ್ಣದಕಲ್ಲಿನಲ್ಲಿ ಕಟ್ಟಲು ಶುರುಮಾಡಿದ ಈ ಕೋಟೆಗೆ 1825ರಲ್ಲಿ ಕರ್ನಲ್ ಜೊಸೈಯ ಸ್ನೆಲ್ಲಿಂಗ್ ಹೆಸರು ಬಂತು. ಕೋಟೆ ಅಂದಮೇಲೆ ಚಿತ್ರದುರ್ಗದ ಲೆಕ್ಕದಲ್ಲಿ ಮುತ್ತಿಗೆಯ ರೋಮಾಂಚನ ಹುಡುಕಿದರೆ ನಿರಾಸೆ: ಇದರ ಮೇಲೆ ಯಾರೂ ದಾಳಿ ಮಾಡಲೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಇಲ್ಲಿ ಜೋರಾಗಿ ನಡೆದದ್ದು ಜಪಾನಿ ಭಾಷೆಯ ಪಾಠ. ಸೇನೆಯ ಗುಪ್ತಚರ ಭಾಷಾ ಶಾಲೆ 1944ರಲ್ಲಿ ಇಲ್ಲಿಗೆ ಬಂತು. ವ್ಯಾಪಾರದ ಕಥೆಯೂ ಇದೆ. 1805ರಲ್ಲಿ ಅಮೆರಿಕ ಸೇನೆಯ ಅಧಿಕಾರಿ ಜೆಬ್ಯುಲನ್ ಪೈಕ್ ಡಕೋಟಾ ನಾಯಕರ ಜೊತೆ ಒಪ್ಪಂದ ಬರೆದಾಗ ಸುಮಾರು ಒಂದು ಲಕ್ಷ ಎಕರೆಗೆ ಬೆಲೆ ಎಷ್ಟು ಎಂಬ ಜಾಗ ಖಾಲಿ ಇತ್ತು. ಪೈಕನ ಅಂದಾಜು 2 ಲಕ್ಷ ಡಾಲರ್. ಸೆನೆಟ್ ತುಂಬಿಸಿದ್ದು 2,000. ಖಾಲಿ ಕಾಗದಕ್ಕೆ ಸಹಿ ಹಾಕಬೇಡ ಅಂತ ನಮ್ಮ ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

ವಿಸಿಟರ್ ಸೆಂಟರ್ ಹತ್ತಿರದ ಸ್ಮಾರಕದ ಮುಂದೆ ತಮಾಷೆ ಸಲ್ಲದು. ಅಮೆರಿಕಕ್ಕೂ ಡಕೋಟಾ ಜನಕ್ಕೂ ನಡೆದ 1862ರ ಯುದ್ಧದ ನಂತರ ಸುಮಾರು 1,600 ಡಕೋಟಾ ಜನರನ್ನು, ಬಹುಪಾಲು ಹೆಂಗಸರು, ಮಕ್ಕಳು, ಮುದುಕರನ್ನು, ಕೋಟೆಯ ಕೆಳಗಿನ ಈ ನದಿಬಯಲಿನಲ್ಲಿ ಚಳಿಗಾಲವಿಡೀ ಬಂಧಿಸಿಟ್ಟಿದ್ದರು. ರೋಗಕ್ಕೆ ನೂರಾರು ಜನ ಬಲಿಯಾದರು. ಉಳಿದವರನ್ನು 1863ರ ಮೇ ತಿಂಗಳಲ್ಲಿ ಹಡಗು ಹತ್ತಿಸಿ ಈಗಿನ ಸೌತ್ ಡಕೋಟಾ ರಾಜ್ಯದ ಕ್ರೋ ಕ್ರೀಕ್‌ಗೆ ಅಟ್ಟಿದರು. ಆ ಬಯಲಿನಲ್ಲಿ ಸೆಲ್ಫಿ ಕೋಲು ಎತ್ತುವ ಮೊದಲು ಫಲಕ ಓದಿ.

ಇನ್ನು ಪ್ರಾಣಿಗಳು. ಜಿಂಕೆ ತಾನಾಗಿ ಕಾಣಿಸುತ್ತದೆ. ಕಾಡು ಟರ್ಕಿ ಕೋಳಿಯ ಗಂಡು ಮಾತ್ರ ವಸಂತದಲ್ಲಿ ಬಹಳ ಸ್ವಾಭಿಮಾನಿ: ಕಾರಿನ ಹೊಳೆಯುವ ಬಾಗಿಲಲ್ಲಿ ತನ್ನದೇ ಬಿಂಬ ಕಂಡು ಎದುರಾಳಿ ಅಂತ ಕುಕ್ಕಲು ಬರಬಹುದು. ಓಡಬೇಡಿ, ಓಡಿದರೆ ಅದು ಗೆದ್ದಂತೆ. ಜೂನಿನಲ್ಲಿ ಸ್ನ್ಯಾಪಿಂಗ್ ಆಮೆ ಮೊಟ್ಟೆ ಇಡಲು ದಾರಿಬದಿಯ ಜಲ್ಲಿಗೆ ಬರುತ್ತದೆ. ‘ಅಯ್ಯೋ ಪಾಪ’ ಅಂತ ಬಾಲ ಹಿಡಿದು ಎತ್ತಿದರೆ ಅದರ ಬೆನ್ನೆಲುಬಿಗೆ ಪೆಟ್ಟು. ಪಕ್ಕದಿಂದ ಹಿಡಿದರೆ ಉದ್ದ ಕತ್ತು ಹಿಂದಕ್ಕೆ ತಿರುಗಿ ನಿಮ್ಮ ಬೆರಳಿಗೆ ಪೆಟ್ಟು. ಸುಮ್ಮನೆ ನಿಂತು ದಾಟಲು ಬಿಡಿ.

ಕ್ಯಾಮೆರಾಗೆ ಒಳ್ಳೆ ಕೋನ ಸಿಗಲಿ ಅಂತ ದಾರಿ ಬಿಟ್ಟು ಇಳಿಯುವವರನ್ನು ಸೊಂಟದೆತ್ತರದ ತುರಚೆ ಗಿಡ ಸ್ವಾಗತಿಸುತ್ತದೆ. ಮಲೆನಾಡಿನವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಉಣ್ಣೆ ಹುಳಕ್ಕೆ ಪ್ಯಾಂಟನ್ನು ಕಾಲುಚೀಲದೊಳಗೆ ತುರುಕುವುದೇ ಮದ್ದು. ಚಂದ ಕಾಣುವುದಿಲ್ಲ, ಆದರೆ ಅದು ಹರಡುವ ಲೈಮ್ ರೋಗದ ಭಯವೂ ಕಡಿಮೆ. ಸೊಳ್ಳೆಗೆ 20ರಿಂದ 30 ಶೇಕಡ ಡೀಟ್ ಇರುವ ಲೋಷನ್ನು ಬೇಕು. ಸನ್‌ಸ್ಕ್ರೀನ್ ಮೊದಲು, ಇದು ಆಮೇಲೆ.

ಮಾತಾಡಲು ಬಂದವರಿಗೆ ವಿಮಾನಗಳ ಕಾಟ. ಗಾಳಿ ವಾಯವ್ಯದಿಂದ ಬೀಸಿದರೆ ತಲೆಯ ಮೇಲೆ ಇಳಿಯುವ ವಿಮಾನಗಳು, ಆಗ್ನೇಯದಿಂದ ಬೀಸಿದರೆ ಏರುವವು. ಏರುವುದರ ಗದ್ದಲವೇ ಹೆಚ್ಚು. ಮನೆ ಸಾಲದ ವಿಷಯ ಎತ್ತಬೇಕೆಂದಿದ್ದರೆ ಆಗ್ನೇಯ ಗಾಳಿಯ ದಿನ ಆರಿಸಿಕೊಳ್ಳಿ.

ಹೊರಡುವ ದಿನ ಬೆಳಿಗ್ಗೆ ಪಾರ್ಕಿನ ಅಧಿಕೃತ ಪುಟದಲ್ಲಿ ಎಚ್ಚರಿಕೆ ನೋಡಿ. ಇದು ನೆರೆಬಯಲು. ಮೇಲ್ಗಡೆ ಹಿಮ ಕರಗಿದರೆ ಇಲ್ಲಿ ಬಿಸಿಲಿದ್ದರೂ ನೀರು ಏರಿ ಗೇಟು ಬೀಳುತ್ತದೆ. ನೀರಿಳಿದ ಮೇಲೂ ದಾರಿಯ ಮೇಲಿನ ಹೂಳು ಬಳಿದು ತೆಗೆಯಬೇಕು, ಹಾಗಾಗಿ ನದಿ ಸುಮ್ಮನಾದ ತಕ್ಷಣ ಪಾರ್ಕು ತೆರೆಯಿತು ಅಂದುಕೊಳ್ಳಬೇಡಿ. ಮುಚ್ಚಿದ್ದರೆ ಬಟ್ಟೆ ಬದಲಿಸಬೇಕಿಲ್ಲ, ಕೋಟೆ ಎತ್ತರದಲ್ಲಿದೆ, ಅಲ್ಲಿಗೆ ಹೋಗಿ. ಆದರೆ ಮ್ಯಾಪಿನಲ್ಲಿ ಈ ಸಲ ‘ಸ್ಟೇಟ್ ಪಾರ್ಕ್’ ಬಾಲವನ್ನು ಅಳಿಸಿ ‘ಹಿಸ್ಟಾರಿಕ್’ ಎಂಬ ತಲೆ ಸೇರಿಸಿ.